ಆಯ್ತು ಅನ್ನಬಾರದ ಮನೆ

ಮಂಗಳೂರಿನ ಫಳ್ನೀರಿನ ಆ ಮನೆಯಲ್ಲಿ 'ಆಯ್ತು' ಎನ್ನುವ ಮಾತನ್ನು ಆಡುವ ಹಾಗಿರಲಿಲ್ಲ.

ಮಕ್ಕಳೇ, ರಜೆಯಲ್ಲಿ ಬಂದಾಗೆಲ್ಲ ನೀವು ಕೇಳುತ್ತೀರಿ, "ಅಜ್ಜಿ, ದಿನಾ ಬಸ್ಸು ಹತ್ತಿ ಹೋಗ್ತೀರಲ್ಲ, ಅಲ್ಲಿ ಎಂತ ಮಾಡುವುದು?" ಎಂದು. ನಾಲ್ಕು ಜನರ ಮುಂದೆ ಬಾಯಿ ಬಿಡಲು ನನಗೆ ನಾಚಿಕೆ. ನಿಮ್ಮ ಮುಂದೆಯೂ ಸ್ವಲ್ಪ ನಾಚಿಕೆಯೇ. ಅದಕ್ಕೆ ಬರೆದಿಡುತ್ತಿದ್ದೇನೆ. ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತವಳ ಬರಹ ಇದು. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ನಾನು ನೋಡಿಕೊಳ್ಳುವವರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹಿರಿಯರು, ಒಂಟಿ ಹೆಂಗಸು. ನಮ್ಮ ಕಡೆಯ ವಾಡಿಕೆಯಂತೆ ನಾನು ಅವರನ್ನು ಬಾಯಮ್ಮ ಎಂದು ಕರೆಯುವುದು. ಪ್ರಾಯದಲ್ಲಿ ವಿಮಾನ ಹಾರಿಸಲು ಕಲಿತು ಲೈಸೆನ್ಸ್ ಪಡೆದವರು. ಆ ಕಾಲದಲ್ಲಿ ಹೆಂಗಸರಿಗೆ ಪೈಲಟ್ ಕೆಲಸ ಕೊಡುವವರು ಇರಲಿಲ್ಲ. ಅವರು ಹಾಗೆಂದು ಸುಮ್ಮನೆ ಕೂರಲಿಲ್ಲ. ಕ್ಲಬ್ಬಿನಲ್ಲಿ ಗಂಡು ಹುಡುಗರಿಗೆ ಹಾರಿಸಲು ಕಲಿಸಿದರು. 'ಗಂಡಸರು ಮಾತ್ರ' ಎಂದು ಜಾಹೀರಾತು ಹಾಕಿದವರ ಆಫೀಸಿಗೆ ಹೋಗಿ, ಯಾಕೆ ಎಂದು ಕೇಳಿ ಜಗಳವಾಡಿದರು. ಮಂಗಳೂರಿಗೆ ಬಂದು ನೆಲೆಸಿದ ಮೇಲೆ ಪ್ರತಿ ವರ್ಷ ಯಾವುದಾದರೂ ಒಂದು ಶಾಲೆಗೆ ಹೋಗಿ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, "ಒಂದಾ ಹಾರಿಸಿ, ಇಲ್ಲದಿದ್ರೆ ರಿಪೇರಿ ಮಾಡ್ಲಿಕ್ಕೆ ಕಲೀರಿ. ಬರೀ ತಲೆ ಎತ್ತಿ ನೋಡ್ಬೇಡಿ" ಎಂದು ಹೇಳಿ ಬರುತ್ತಿದ್ದರು. ಹಾಗೆ ಕೇಳಿಸಿಕೊಂಡು ಹೋದವರಲ್ಲಿ ಕೆಲವರು ಈಗ ದೊಡ್ಡ ವಿಮಾನ ನಡೆಸುತ್ತಾರೆ. ಕ್ರಿಸ್ಮಸ್ಸಿಗೆ ಅವರ ಫೋನು ಬರುತ್ತದೆ.

ಕೆಲಸಕ್ಕೆ ಸೇರಿದ ದಿನವೇ ನಾನು ಅವರ ಕೈಗೆ ಸಿಕ್ಕಿಬಿದ್ದೆ. ಗ್ಯಾಸ್ ಬಂದ್ ಮಾಡಲು ಹೇಳಿದರು. ನಾನು "ಆಯ್ತು ಬಾಯಮ್ಮ" ಎಂದೆ.

"ಆಯ್ತು ಅಂದ್ರೆ ಎಂತ? ಬಂದ್ ಮಾಡಿ ಆಯ್ತಾ, ಮಾಡ್ತೇನೆ ಅಂತಲಾ?"

"ಮಾಡ್ತೇನೆ ಅಂತ."

"ಹಾಗಾದ್ರೆ ಹಾಗೆ ಹೇಳು. ನಿನ್ನ ತುಳುವಿನಲ್ಲಿ 'ಆವು' ಬೇರೆ, 'ಆಂಡ್' ಬೇರೆ. ಆವು ಅಂದ್ರೆ ಮಾಡುವ, ಆಂಡ್ ಅಂದ್ರೆ ಮುಗೀತು. ನನ್ನ ಕೊಂಕಣಿಯಲ್ಲೂ ಬೇರೆ ಬೇರೆಯೇ. ನಾವಿಬ್ಬರೂ ಕನ್ನಡ ಮಾತಾಡ್ಲಿಕ್ಕೆ ಕೂತ್ರೆ ಮಾತ್ರ ಎರಡಕ್ಕೂ ಒಂದೇ ಆಯ್ತು! ವಿಮಾನ ಬೀಳುವುದು ಹೀಗೆಯೇ ಮಾರಾಯ್ತಿ."

ಮತ್ತೆ ಅವರು ವಿವರಿಸಿದರು. ವಿಮಾನದಲ್ಲಿ ಕೂತವರಿಗೆ ಕೆಳಗಿನಿಂದ ರೇಡಿಯೋದಲ್ಲಿ ಏನಾದರೂ ಹೇಳಿದರೆ, ಮೇಲಿನವರು ಅದೇ ಮಾತನ್ನು ತಿರುಗಿ ಹೇಳಬೇಕಂತೆ. ಇಷ್ಟು ಎತ್ತರಕ್ಕೆ ಇಳಿ ಎಂದರೆ, ಇಷ್ಟು ಎತ್ತರಕ್ಕೆ ಇಳಿಯುತ್ತೇನೆ ಎನ್ನಬೇಕು. ತಪ್ಪಿ ಕೇಳಿಸಿದ್ದರೆ ಅಲ್ಲಿಯೇ ಗೊತ್ತಾಗುತ್ತದೆ. ಅಂದಿನಿಂದ ಆ ಮನೆಯಲ್ಲಿ ನಾನೂ ತಿರುಗಿ ಹೇಳಲು ಕಲಿತೆ. "ಬಿ.ಪಿ. ಮಾತ್ರೆ ಕೊಡ್ತೇನೆ." "ಮಾತ್ರೆ ಕೊಟ್ಟಿದ್ದೇನೆ." ಮನೆಗೆ ಬಂದ ಮೇಲೂ ಅದೇ ಅಭ್ಯಾಸ. "ನಮ್ಮ ಅತ್ತೆಗೆ ಫಳ್ನೀರಿನ ಗಾಳಿ ಹಿಡಿದಿದೆ" ಎಂದು ರಜೆಗೆ ಬಂದಾಗ ನಿಮ್ಮ ಅಮ್ಮ ನಗುತ್ತಿದ್ದಳು.

ಹೀಗೆ ಇರುವಾಗ ಬಾಯಮ್ಮನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಬುದ್ಧಿ ಮೊದಲಿನಂತೆಯೇ ಇತ್ತು, ಮಾತು ಹೋಗಿತ್ತು. ಪೂರ್ತಿ ಹೋಗಿರಲಿಲ್ಲ, ಒಂದು ಶಬ್ದ ಉಳಿದಿತ್ತು. ನಾನು ದಿಂಬು ಸರಿಮಾಡಿ, "ನೀರು ಬೇಕಾ ಬಾಯಮ್ಮ?" ಎಂದು ಕೇಳಿದೆ. ಅವರು ಬಾಯಿ ತೆರೆದು, ಬಹಳ ಕಷ್ಟದಿಂದ, "ಆಯ್ತು" ಎಂದರು.

ತಾನು ಆಡಿದ್ದು ಅವರಿಗೇ ಕೇಳಿಸಿತು. ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ನೀರು ಬೇಕಾದರೂ ಆಯ್ತು, ಬೇಡವಾದರೂ ಆಯ್ತು. ಸೊಂಟ ನೋವಾದರೆ ಆಯ್ತು. ಸಂಜೆ ಪ್ರಾರ್ಥನೆಗೂ ಆಯ್ತು, ಆಯ್ತು, ಆಯ್ತು. ಮಾತು ಕಲಿಸಲು ಮನೆಗೆ ಬರುತ್ತಿದ್ದ ಥೆರಪಿಸ್ಟ್ ಹುಡುಗಿ ಹೇಳಿದಳು, "ಇದು ಅವರು ಆರಿಸಿಕೊಂಡ ಮಾತಲ್ಲ ಆಂಟಿ. ಬೇರೆ ಮಾತು ಹೇಳ್ಲಿಕ್ಕೆ ಹೋದ್ರೂ ಇದೇ ಹೊರಗೆ ಬರ್ತದೆ. ಸಿಟ್ಟು ಬರ್ತದೆ ಅವರಿಗೆ. ನೀವು ಒಂದೊಂದೇ ಪ್ರಶ್ನೆ ಕೇಳಿ. ಎಡಗೈ ಹೆಬ್ಬೆರಳು ಮೇಲೆ ಮಾಡಿದ್ರೆ ಹೌದು, ಕೆಳಗೆ ಮಾಡಿದ್ರೆ ಇಲ್ಲ."

ನಮ್ಮ ಹೊಸ ಕ್ರಮ ಹಾಗೆ ಶುರುವಾಯಿತು. ಈಗ ತಿರುಗಿ ಹೇಳುವುದು ಮಾತ್ರವಲ್ಲ, ಅವರ ಪರವಾಗಿ ಮೊದಲು ಹೇಳುವುದೂ ನನ್ನದೇ ಆಯಿತು. "ಗಂಜಿ ಬಿಸಿ ಉಂಟಾ?" ಹೆಬ್ಬೆರಳು ಕೆಳಗೆ. "ತಣ್ಣಗಾಗಿದೆಯಾ?" ಕೆಳಗೆ. "ಉಪ್ಪು ಕಮ್ಮಿ?" ಮೇಲೆ. ಗಂಟಲಲ್ಲಿ ನೀರು ಅಡ್ಡ ಹೋಗುವ ಭಯ ಇದ್ದುದರಿಂದ ಕುಚ್ಚಲಕ್ಕಿ ಗಂಜಿಯನ್ನು ಅರೆದು ದಪ್ಪ ಮಾಡಿ, ಗದ್ದ ಎದೆಯ ಕಡೆ ತಗ್ಗಿಸಿ ಚಮಚದಲ್ಲಿ ಕೊಡಬೇಕಿತ್ತು. ಒಂದು ಚಮಚ ನುಂಗಿದ್ದು ಖಾತ್ರಿಯಾಗದೆ ಇನ್ನೊಂದು ಇಡುವ ಹಾಗಿಲ್ಲ. ಗಾಲಿಕುರ್ಚಿಗೆ ಕೂರಿಸುವುದು ಇನ್ನೂ ದೊಡ್ಡ ಕೆಲಸ. ಕುರ್ಚಿಯನ್ನು ಅವರ ಎಡಗಡೆ ಓರೆಯಾಗಿ ಇಟ್ಟು, ಎರಡೂ ಬ್ರೇಕ್ ಹಾಕಿ, ಕಾಲಿಡುವ ಹಲಗೆ ಮಡಚಿ, ಅವರ ಬಲ ಮೊಣಕಾಲಿಗೆ ನನ್ನ ಮೊಣಕಾಲು ಅಡ್ಡ ಕೊಟ್ಟು, ಸೊಂಟದ ಬೆಲ್ಟ್ ಹಿಡಿದು ಎಬ್ಬಿಸಿ ತಿರುಗಿಸಬೇಕು. ಪ್ರತಿಯೊಂದನ್ನೂ ಮುಟ್ಟಿ, ಬಾಯಿಬಿಟ್ಟು ಹೇಳಿ ಮಾಡುತ್ತಿದ್ದೆ: "ಎಡ ಬ್ರೇಕ್ ಹಾಕಿದ್ದೇನೆ. ಬಲ ಬ್ರೇಕ್ ಹಾಕಿದ್ದೇನೆ." ವಿಮಾನ ಎಬ್ಬಿಸುವ ಮೊದಲು ಹೀಗೇ ಮುಟ್ಟಿ ಮುಟ್ಟಿ ನೋಡಬೇಕೆಂದು ಅವರೇ ಹಿಂದೊಮ್ಮೆ ಹೇಳಿಕೊಟ್ಟಿದ್ದರು. ಒಂದು ಬಿಟ್ಟುಹೋದರೆ ಎಡಗೈಯಿಂದ ನನ್ನ ತೋಳಿಗೆ ಬಡಿಯುತ್ತಿದ್ದರು.

ಆ ಎಡಗೈ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಮಂಚದ ಸರಳಿನ ಮೇಲೆ ಟಕ್ ಟಕ್ ಎನ್ನುತ್ತಲೇ ಇರುವುದು. ಅದನ್ನು ಕೇಳಿ ಕೇಳಿ ನನಗೂ ಒಂದು ಕಡೆ ನಿಲ್ಲಲು ಆಗದಂತಾಗಿತ್ತು. ತೊಳೆದ ಪಾತ್ರೆ ಮತ್ತೆ ತೊಳೆಯುವುದು, ಕಿಟಕಿಗೆ ಹೋಗುವುದು, ಬರುವುದು.

ಆ ಚಡಪಡಿಕೆಯ ಕಾರಣ ನನಗೆ ತಡವಾಗಿ ಗೊತ್ತಾಯಿತು. ಕೂಳೂರಿನ ಆಚೆ, ಬೈಕಂಪಾಡಿಯ ಒಳಗಡೆ ಒಂದು ಸರಕಾರಿ ಹೈಸ್ಕೂಲು ಉಂಟು. ಈ ವರ್ಷ ಬರುತ್ತೇನೆಂದು ಬಾಯಮ್ಮ ಅಲ್ಲಿನ ಹೆಡ್‌ಮಿಸ್ಸಿಗೆ ಮಾತು ಕೊಟ್ಟಿದ್ದು ಸ್ಟ್ರೋಕ್ ಆಗುವ ಮೊದಲು. ಆ ಶಾಲೆಯನ್ನು ಅವರೇ ಹುಡುಕಿದ್ದು. ಅದರ ಹಂಚಿನ ಮಾಡಿನ ಮೇಲೆಯೇ ವಿಮಾನಗಳು ಇಳಿಯಲು ಹೋಗುತ್ತವೆ, ಅಲ್ಲಿಯ ಹುಡುಗಿಯರು ಮಾತ್ರ ಅಭ್ಯಾಸವಾಗಿ ತಲೆ ಎತ್ತುವುದನ್ನೂ ಬಿಟ್ಟಿದ್ದಾರೆ, ಅಂಥವರಿಗೇ ಹೇಳಬೇಕು ಎಂದು ಅವರ ಹಟ.

ಬಾಯಮ್ಮನ ತಮ್ಮನ ಮಗ ಗಲ್ಫಿನಿಂದ ಬಂದು ಇಲ್ಲೇ ನೆಲೆಸಿದವರು. ಅವರನ್ನು ನಾನು ಸರ್ ಎನ್ನುವುದು. ದಿನಾ ಬೆಳಿಗ್ಗೆ ಬಂದು ಅತ್ತೆಯನ್ನು ನೋಡಿ ಹೋಗುತ್ತಿದ್ದರು. ಒಳ್ಳೆಯವರು. ಒಂದು ಬೆಳಿಗ್ಗೆ ಅವರು ಇದ್ದಾಗಲೇ ಹೆಡ್‌ಮಿಸ್ಸಿನ ಫೋನು ಬಂತು. ಸರ್ ಫೋನನ್ನು ಎದೆಗೆ ಒತ್ತಿಕೊಂಡು, "ಆಂಟಿ, ಶಾಲೆಯದ್ದು ಈ ಸಲ ಬೇಡ ಅಂತ ಹೇಳ್ತೇನೆ, ಆಯ್ತಾ?" ಎಂದರು.

"ಆಯ್ತು! ಆಯ್ತು!" ಎಂದರು ಬಾಯಮ್ಮ, ಗಟ್ಟಿಯಾಗಿ. ಅವರ ಎಡಗೈಯ ಕಡೆ ಸರ್ ನೋಡಲಿಲ್ಲ, ನಾನೂ ನೋಡಲಿಲ್ಲ.

ಸರ್ ಫೋನಿನಲ್ಲಿ, "ಅವರೇ ಬೇಡ ಅಂದ್ರು ಮಿಸ್" ಎಂದು ಹೇಳಿ, ಅತ್ತೆಯ ತಲೆ ಸವರಿ ಹೊರಟುಹೋದರು.

ಬಾಗಿಲು ಹಾಕಿ ಬರುವಷ್ಟರಲ್ಲಿ ಗಂಜಿಯ ಬಟ್ಟಲು ನೆಲದ ಮೇಲಿತ್ತು. ನಾನು ಕೇಳುತ್ತ ಹೋದೆ. ಹೊಟ್ಟೆನೋವಾ? ಬಟ್ಟೆ ಬದಲಿಸಬೇಕಾ? ಸೆಕೆಯಾ? ಎಲ್ಲದಕ್ಕೂ ಹೆಬ್ಬೆರಳು ಕೆಳಗೆ. ಕಣ್ಣಿನಲ್ಲಿ ನೀರು, ಬಾಯಲ್ಲಿ ಆಯ್ತು ಆಯ್ತು. ಕೊನೆಗೆ ಭಯಪಟ್ಟುಕೊಂಡೇ ಕೇಳಿದೆ, "ಶಾಲೆಗೆ ಹೋಗ್ಬೇಕಾ ಬಾಯಮ್ಮ?"

ಹೆಬ್ಬೆರಳು ಎತ್ತಲಿಲ್ಲ. ನನ್ನ ಮಣಿಕಟ್ಟು ಹಿಡಿದರು. ಬಳೆ ಒತ್ತಿ ಗುರುತು ಬೀಳುವಷ್ಟು ಹಿಡಿದರು.

ಆ ದಿನ ಬಸ್ಸಿನಲ್ಲಿ ಕೂತು ನಾನು ಎಷ್ಟು ಸಲ ಮನಸ್ಸು ಬದಲಿಸಿದೆನೋ. ಅವರ ಮನೆಯ ವಿಷಯ. ನಾನು ಸಂಬಳಕ್ಕೆ ಇರುವವಳು. ಸರ್ ಹೇಳಿದ್ದರಲ್ಲಿ ತಪ್ಪೇನು? ಆರೋಗ್ಯ ಸರಿಯಿಲ್ಲದವರನ್ನು ಅಷ್ಟು ದೂರ ಯಾರು ಒಯ್ಯುತ್ತಾರೆ? ಆದರೆ ಅವರು ಬೇಡ ಅನ್ನಲಿಲ್ಲವಲ್ಲ. ಅನ್ನದ ಮಾತನ್ನು ಅಂದರು ಎಂದು ಊರಿಗೆ ಹೇಳಿ ಆಯಿತಲ್ಲ. ಇನ್ನು ಮುಂದೆಯೂ ಹೀಗೆಯೇ, ಅವರ ಬಾಯಲ್ಲಿರುವ ಒಂದೇ ಶಬ್ದವನ್ನು ಯಾರು ಬೇಕಾದರೂ ತಮಗೆ ಬೇಕಾದಂತೆ ತೆಗೆದುಕೊಂಡು ಹೋಗಬಹುದು. ಇಳಿಯುವ ಸ್ಟಾಪು ದಾಟಿದ್ದೂ ನನಗೆ ಗೊತ್ತಾಗಲಿಲ್ಲ.

ಮರುದಿನ ಸರ್ ಬಂದಾಗ ಸೆರಗಿನ ತುದಿ ಹಿಡಿದು ನಿಂತು ಹೇಳಿದೆ, "ಸರ್, ಬಾಯಮ್ಮನಿಗೆ ಶಾಲೆಗೆ ಹೋಗ್ಬೇಕಂತೆ."

"ಎಂತ ಅಕ್ಕ ನೀವು! ನಿಮ್ಮ ಎದುರೇ ಕೇಳಿದ್ದಲ್ವಾ? ಆಯ್ತು ಅಂದ್ರಲ್ಲ."

"ನೀವು ಈಗ ಉಲ್ಟಾ ಕೇಳಿ ನೋಡಿ ಸರ್."

ಅವರು ನಗುತ್ತಲೇ ಮಂಚದ ಹತ್ತಿರ ಬಗ್ಗಿದರು. "ಆಂಟಿ, ಶಾಲೆಗೆ ಹೋಗುವ, ಆಯ್ತಾ?"

"ಆಯ್ತು."

ಸರ್ ಅವರ ನಗು ನಿಂತಿತು. "ಆಂಟಿ, ನಿಮ್ಮನ್ನು ಚಂದ್ರಲೋಕಕ್ಕೆ ಕಳಿಸ್ತೇನೆ, ಆಯ್ತಾ?"

"ಆಯ್ತು" ಎಂದರು ಬಾಯಮ್ಮ. ಎಡಗೈ ಮಾತ್ರ ಹೆಬ್ಬೆರಳನ್ನು ಮೇಲೆ ಮಾಡಿತ್ತು. ಮೂವರಿಗೂ ನಗು ಬಂತು. ಸ್ಟ್ರೋಕ್ ಆದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿದ್ದು ಅಂದೇ.

ಆಮೇಲೆ ಸರ್ ಮಂಚದ ಅಂಚಿನಲ್ಲಿ ಕೂತರು. "ಅಲ್ಲ ಆಂಟಿ, ನಾನು ಕೆಟ್ಟದಕ್ಕೆ ಹೇಳಿದ್ದಲ್ಲ. ಮಕ್ಕಳು ನಗಾಡ್ತಾರೆ. ಒಂದು ಕಾಲದಲ್ಲಿ ಆಫೀಸರುಗಳನ್ನು ಮಾತಿನಲ್ಲೇ ನಡುಗಿಸಿದವರು ನೀವು. ಈಗ ಅಲ್ಲಿ ಹೋಗಿ... ಮತ್ತೆ ಮಾತಾಡುವವರು ಯಾರು?"

ಬಾಯಮ್ಮನ ಎಡಗೈ ಎದ್ದಿತು. ಬೆರಳು ನನ್ನ ಕಡೆ ತೋರಿಸಿತು.

ನನ್ನ ಹಿಂದೆ ಯಾರಾದರೂ ಇದ್ದಾರೋ ಎಂದು ತಿರುಗಿ ನೋಡಿದೆ, ಮಕ್ಕಳೇ. ಫ್ರಿಜ್ ಮಾತ್ರ ಇತ್ತು. ಮದುವೆಮನೆಯಲ್ಲಿ ಊಟಕ್ಕೆ ಕರೆಯಲು ಹೇಳಿದರೂ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡುವವಳು ನಾನು. ಏನಾದರೂ ಹೇಳಿ ತಪ್ಪಿಸಿಕೊಳ್ಳಬೇಕಿತ್ತು. "ಆಯ್ತು" ಎಂದುಬಿಟ್ಟೆ.

ಬಾಯಮ್ಮ ನನ್ನನ್ನೇ ನೋಡಿದರು. ಹಳೆಯ ನೋಟ. ಆಯ್ತು ಅಂದ್ರೆ ಎಂತ? ಎಡಗೈ ಮಂಚದ ಸರಳಿನ ಮೇಲೆ ಒಮ್ಮೆ ಬಡಿದು, ಕಾಯುತ್ತ ನಿಂತಿತು.

"ಶಾಲೆಗೆ ಬರ್ತೇನೆ" ಎಂದೆ. ಕೈ ಅಲುಗಲಿಲ್ಲ. "ಶಾಲೆಯಲ್ಲಿ ನಾನು ಮಾತಾಡ್ತೇನೆ" ಎಂದೆ.

ಆಗ ಹೆಬ್ಬೆರಳು ಮೇಲೆ ಹೋಯಿತು. ಹೆಡ್‌ಮಿಸ್ಸಿಗೆ ಫೋನು ಮಾಡಿ, ನಿನ್ನೆ ಹೇಳಿದ್ದು ತಪ್ಪು, ಬಾಯಮ್ಮ ಬರುತ್ತಾರೆ ಎಂದು ತಿಳಿಸುವ ಕೆಲಸವನ್ನೂ ಸರ್ ನನಗೇ ಬಿಟ್ಟರು. "ಪ್ರಾಕ್ಟೀಸ್ ಆಗ್ಲಿ" ಎಂದರು.

ಉಳಿದ ದಿನಗಳಲ್ಲಿ ನನಗೆ ಊಟ ಸೇರಲಿಲ್ಲ. ಬಾಯಮ್ಮನ ಕಥೆಗಳೆಲ್ಲ ನನಗೆ ಗೊತ್ತಿದ್ದವು. ಸಂಜೆಯ ಹೊತ್ತು ಅವರು ಹೇಳದ ಕಥೆ ಇರಲಿಲ್ಲ. ಆದರೆ ಗೊತ್ತಿರುವುದು ಬೇರೆ, ನಿಂತು ಹೇಳುವುದು ಬೇರೆ. ಅಡುಗೆಮನೆಯ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿ ಅವಕ್ಕೆ ಭಾಷಣ ಮಾಡಿದೆ. ಮೆಣಸಿನ ಡಬ್ಬಿಯ ಮುಂದೆಯೂ ನನ್ನ ನಾಲಿಗೆ ಒಣಗುತ್ತಿತ್ತು. ಒಳಗಿನಿಂದ ಬಾಯಮ್ಮ ಟಕ್ ಟಕ್ ಎಂದು ಸರಳು ಬಡಿಯುತ್ತಿದ್ದರು: ಕೇಳಿಸುವುದಿಲ್ಲ, ಗಟ್ಟಿಯಾಗಿ.

ಹೊರಡುವ ದಿನ ಬೆಳಿಗ್ಗೆ ಬಾಯಮ್ಮನ ಫ್ಲಾಟಿನ ಲಿಫ್ಟ್ ಕೆಟ್ಟಿತು. ರಿಪೇರಿಯವರನ್ನು ಕರೆಸಲು ಮೇಲಿನಿಂದ ಹೇಳಿದೆ. ವಾಚ್‌ಮನ್ ಕೆಳಗಿನಿಂದಲೇ ಕೂಗಿದ, "ಆಯ್ತು ಅಕ್ಕ, ಆಯ್ತು!"

"ಫೋನ್ ಮಾಡಿ ಆಯ್ತಾ, ರಿಪೇರಿ ಆಯ್ತಾ?"

"ಫೋನ್ ಮಾಡ್ತೇನೆ ಅಂತ."

ಕಾಯುವ ಹಾಗಿರಲಿಲ್ಲ. ಕೈಯಿರುವ ಕುರ್ಚಿಯಲ್ಲಿ ಬಾಯಮ್ಮನನ್ನು ಕೂರಿಸಿ ಎದೆಗೂ ಸೊಂಟಕ್ಕೂ ಬೆಡ್‌ಶೀಟ್ ಕಟ್ಟಿದೆವು. ಸರ್, ವಾಚ್‌ಮನ್, ಕೆಳಗಿನ ಮೆಡಿಕಲ್ ಶಾಪಿನವರು ಇಬ್ಬರು ಹಿಡಿದರು. ಕುರ್ಚಿ ಹಿಂದಕ್ಕೆ ವಾಲಿಸಿ, ಬೆನ್ನು ಮೇಲಿನ ಮೆಟ್ಟಿಲ ಕಡೆ ಬರುವಂತೆ ಒಂದೊಂದೇ ಮೆಟ್ಟಿಲು ಇಳಿಸಬೇಕು. ನಾನು ಎದುರಿನಿಂದ ಅವರ ಬಲಗಾಲು ಹಿಡಿದು, "ಒಂದು ಮೆಟ್ಟಿಲು, ನಿಲ್ಲಿ" ಎನ್ನುವುದು. ಅವರು, "ನಿಂತಿದ್ದೇವೆ" ಎನ್ನುವುದು. ಮೆಡಿಕಲ್‌ನವರು ಒಬ್ಬರು "ಆಯ್ತಾಯ್ತು" ಎಂದದ್ದಕ್ಕೆ ಬಾಯಮ್ಮನ ಎಡಗೈ ಅವರ ತಲೆಗೆ ಬಿತ್ತು. "ಅಯ್ಯೋ, ಪೈಲಟ್ ಹೊಡೆದ್ರು!" ಎಂದರು ಅವರು. ಮತ್ತೆ ಯಾರೂ ಆ ಮಾತು ಆಡಲಿಲ್ಲ. ಗಾಲಿಕುರ್ಚಿಯನ್ನು ಮಡಚಿ ಕಾರಿನ ಡಿಕ್ಕಿಗೆ ಹಾಕಿದೆವು.

ಕೂಳೂರು ಸೇತುವೆಯಲ್ಲಿ ಎಂದಿನಂತೆ ಬ್ಲಾಕ್. ಮುಂದೆ ಟ್ಯಾಂಕರು, ಹಿಂದೆ ಟ್ಯಾಂಕರು. ಕಾರಿನ ಕಿಟಕಿಯ ಮೇಲೆ ಆ ಕೈ ಬಡಿಯುತ್ತಲೇ ಇತ್ತು. ಬ್ಲಾಕ್ ಹೀಗೇ ಇರಲಿ, ಶಾಲೆ ಬಿಟ್ಟುಹೋಗಲಿ ಎಂದು ನಾನು ದೈವಕ್ಕೆ ಹರಕೆ ಹೇಳಿಕೊಂಡದ್ದೂ ಸುಳ್ಳಲ್ಲ. ಟ್ಯಾಂಕರು ಚಲಿಸಿತು.

ಶಾಲೆಯ ಹಾಲಿನಲ್ಲಿ ನೆಲದ ಮೇಲೆ ಹುಡುಗಿಯರು ಸಾಲಾಗಿ ಕೂತಿದ್ದರು. ಹೆಡ್‌ಮಿಸ್ ಸ್ವಾಗತ ಮಾಡಿ ಬಾಯಮ್ಮನಿಗೆ ಒಂದು ಗುಲಾಬಿ ಕೊಟ್ಟರು. ಬಾಯಮ್ಮ ಮಕ್ಕಳನ್ನು ನೋಡಿದರು. ಅವರ ಮುಖ ಕೆಂಪಾಯಿತು. ಏನೇನೋ ಹೇಳಲು ಇತ್ತು, ಎಲ್ಲವೂ ಒಟ್ಟಿಗೆ ಬಂದವು.

"ಆಯ್ತು. ಆಯ್ತು. ಆಯ್ತು!"

ಕಾರ್ಯಕ್ರಮ ಮುಗಿಯಿತು ಎಂದುಕೊಂಡು ಹಿಂದಿನ ಸಾಲಿನವರು ಎದ್ದು ನಿಂತರು. ಅವರನ್ನು ನೋಡಿ ನಡುವಿನವರೂ ಎದ್ದರು. ಒಬ್ಬಳು ಚಪ್ಪಾಳೆ ತಟ್ಟಿದಳು. ಕಿಸಿಕಿಸಿ ನಗು ಹಬ್ಬಿತು. ಬಾಗಿಲ ಹತ್ತಿರ ನಿಂತಿದ್ದ ಸರ್ ತಲೆ ತಗ್ಗಿಸಿದರು. ಅವರು ಹೆದರಿದ್ದು ಇದಕ್ಕೇ.

ಮೈಕ್ ನನ್ನ ಕೈಗೆ ಬಂತು. ಡಬ್ಬಿಗಳ ಮುಂದೆ ಹೇಳಿದ್ದು ಒಂದಕ್ಷರವೂ ನೆನಪಿಲ್ಲ. ನಗು ಜಾಸ್ತಿಯಾಯಿತು. ಬಾಯಮ್ಮನ ಕೈ ಗಾಲಿಕುರ್ಚಿಯ ಮೇಲೆ ಬಡಿಯಿತು. ಆ ಸದ್ದು ಕೇಳಿ ನನ್ನ ಕೈ ತಾನಾಗಿ ಬ್ರೇಕಿಗೆ ಹೋಯಿತು. ದಿನಾ ಮಾಡುವ ಕೆಲಸ. "ಎಡ ಬ್ರೇಕ್ ಹಾಕಿದ್ದೇನೆ" ಎಂದೆ. ಮೈಕಿನಲ್ಲಿ ಅದು ಹಾಲಿನ ತುಂಬ ಕೇಳಿಸಿತು. ಹುಡುಗಿಯರು ನಿಂತಲ್ಲೇ ನೋಡಿದರು.

"ಬಲ ಬ್ರೇಕ್ ಹಾಕಿದ್ದೇನೆ. ನಾನು ಹೀಗೆ ಯಾಕೆ ಹೇಳುವುದು ಗೊತ್ತುಂಟಾ ಮಕ್ಕಳೇ? ಇವರು ಕಲಿಸಿದ್ದು. ಇವರು ವಿಮಾನ ಹಾರಿಸಿದವರು. ಕೂತ್ಕೊಳ್ಳಿ, ಹೇಳ್ತೇನೆ. ಕೂತ್ಕೊಳ್ತೇವೆ ಅಂತ ತಿರುಗಿ ಹೇಳಿ ನೋಡುವ."

"ಕೂತ್ಕೊಳ್ತೇವೆ!" ಎಂದು ಕೂಗಿ ಕೂತರು.

ಆಮೇಲೆ ಮಾತು ಎಲ್ಲಿಂದ ಬಂತೋ. ಬಾಯಮ್ಮನಿಗೆ 'ಆಯ್ತು' ಎನ್ನುವ ಮಾತಿನ ಮೇಲೆ ಯಾಕೆ ಸಿಟ್ಟು ಎಂದು ಹೇಳಿದೆ. ಲೈಸೆನ್ಸ್ ಹಿಡಿದುಕೊಂಡು ಅವರು ಕೆಲಸ ಕೇಳಲು ಹೋದ ಕಡೆ ದೊಡ್ಡ ಆಫೀಸರು ನಮ್ಮ ಊರಿನವರೇ ಆಗಿದ್ದರು. ಊರಿನ ಹುಡುಗಿ ಎಂದು ಖುಷಿಪಟ್ಟು, ಚಾ ಕುಡಿಸಿ, ಕನ್ನಡದಲ್ಲಿಯೇ "ಆಯ್ತು ಮಗಾ, ಆಯ್ತು, ನೋಡುವ" ಎಂದರಂತೆ. ಪ್ರಾಯದ ಹುಡುಗಿ, 'ಆಯ್ತು' ಮಾತ್ರ ಕೇಳಿಸಿಕೊಂಡಳು. ಊರಿಗೆ ಬಂದು ಕೆಲಸ ಆಯ್ತು ಎಂದಳು. ತಾಯಿ ನೆರೆಹೊರೆಗೆಲ್ಲ ಸಿಹಿ ಹಂಚಿದರು. ಒಂದು ಮಳೆಗಾಲ ಹೋಯಿತು, ಇನ್ನೊಂದು ಬಂತು, ಕರೆ ಬರಲಿಲ್ಲ. ವಿಚಾರಿಸಲು ಹೋದರೆ ಅದೇ ಆಫೀಸರು, "ನೋಡುವ ಅಂತ ಹೇಳಿದ್ದಲ್ವಾ? ಹೆಂಗಸರನ್ನು ತೆಗೊಳ್ಲಿಕ್ಕೆ ಇನ್ನೂ ಆಗ್ಲಿಲ್ಲ" ಎಂದರಂತೆ.

"ಅದಕ್ಕೇ ಇವರು ಹೇಳುವುದು," ಎಂದೆ. "ನಿಮ್ಮತ್ರ ಯಾರಾದ್ರೂ 'ಆಯ್ತು, ನೋಡುವ' ಅಂದ್ರೆ, 'ಎಂತ ಆಯ್ತು? ಯಾವಾಗ ನೋಡುವುದು?' ಅಂತ ತಿರುಗಿ ಕೇಳಿ. ಮನೆಯಲ್ಲಿ ಅಪ್ಪನ ಹತ್ರವೂ ಕೇಳಿ."

ಹುಡುಗಿಯರು ನಕ್ಕರು. ಈ ಸಲದ ನಗು ಬೇರೆ ಇತ್ತು. ಅಷ್ಟರಲ್ಲಿ ಮಾಡಿನ ಮೇಲೆ ವಿಮಾನವೊಂದು ಹೋಯಿತು. ಸದ್ದು ಕಡಿಮೆಯಾಗುವವರೆಗೆ ನಾನು ಬಾಯಿ ಮುಚ್ಚಿಕೊಂಡೆ. ಕೆಲವರು ಕಿಟಕಿಯ ಕಡೆ ಕತ್ತು ಚಾಚಿದ್ದನ್ನು ನೋಡಿದೆ.

ಮುಂದಿನ ಸಾಲಿನಲ್ಲಿ, ಎಣ್ಣೆ ಹಾಕಿ ಎರಡು ಜಡೆ ಹೆಣೆದುಕೊಂಡಿದ್ದ ಹುಡುಗಿಯೊಬ್ಬಳು ಎದ್ದಳು. ಅವಳು ಕೇಳಿದ್ದು ನನ್ನನ್ನಲ್ಲ, ಬಾಯಮ್ಮನನ್ನು.

"ಅಜ್ಜಿ, ನನ್ನ ಅಣ್ಣ ಹೇಳ್ತಾನೆ, ಹುಡುಗಿಯರಿಂದ ವಿಮಾನ ಹಾರಿಸ್ಲಿಕ್ಕೆ ಆಗುದಿಲ್ಲ ಅಂತ. ಆಗ್ತದಾ?"

ನಾನು ಉತ್ತರಿಸಲು ಮೈಕ್ ಎತ್ತಿದೆ. ಬಾಯಮ್ಮ ಎಡಗೈಯಿಂದ ಮೈಕನ್ನು ನನ್ನ ಬಾಯಿಂದ ತಮ್ಮ ಬಾಯಿಗೆ ಎಳೆದುಕೊಂಡರು. ಆ ಹುಡುಗಿಯನ್ನೇ ನೋಡುತ್ತ, ಅವಸರವಿಲ್ಲದೆ ಹೇಳಿದರು:

"ಆಯ್ತು."

ಯಾರೂ ಏಳಲಿಲ್ಲ, ಯಾರೂ ನಗಲಿಲ್ಲ. ಅದರ ಅರ್ಥ ಹೇಳಬೇಕೇ ಎಂದು ನಾನು ಹೆಡ್‌ಮಿಸ್ಸಿನ ಮುಖ ನೋಡಿದೆ. ಅವರು ಬೇಡವೆಂದು ತಲೆಯಾಡಿಸಿದರು. ಎರಡು ಜಡೆಯ ಹುಡುಗಿ ನಿಂತೇ ಇದ್ದಳು. "ಆಯ್ತು" ಎಂದು ಮೆಲ್ಲಗೆ ತಿರುಗಿ ಹೇಳಿದಳು. ಮತ್ತೆ ಕೂತಳು.

ಹಿಂತಿರುಗುವಾಗ ಕೂಳೂರಿನಲ್ಲಿ ಬ್ಲಾಕ್ ಇರಲಿಲ್ಲ. ಸರ್ ಕಾರು ಬಿಡುತ್ತಿದ್ದರು. ಕನ್ನಡಿಯಲ್ಲಿ ಆಗಾಗ ಅತ್ತೆಯನ್ನು ನೋಡುತ್ತಿದ್ದರು. ನನಗೆ ಮೈಯೆಲ್ಲ ಹಗುರವಾಗಿತ್ತು. ಒಂದು ದೊಡ್ಡ ಹೊರೆ ಇಳಿಯಿತು, ಇನ್ನು ಈ ಜನ್ಮದಲ್ಲಿ ಮೈಕ್ ಹಿಡಿಯುವುದಿಲ್ಲ ಎಂದುಕೊಂಡು, ನದಿ ದಾಟುವಾಗ ಬಾಯಮ್ಮನ ಕಡೆ ಬಗ್ಗಿ ತುಳುವಿನಲ್ಲಿ ಕೇಳಿದೆ, "ಆಂಡಾ ಬಾಯಮ್ಮ?" ಮುಗಿಯಿತಾ ಎಂದು.

ಹೆಬ್ಬೆರಳು ಕೆಳಗೆ.

ಆ ಕೈ ಮತ್ತೆ ಕಿಟಕಿಯ ಗಾಜಿನ ಮೇಲೆ ಬಡಿಯಲು ಶುರುಮಾಡಿತು. ಹೊರಗೆ ರಸ್ತೆಬದಿಯಲ್ಲಿ ಇನ್ನೊಂದು ಶಾಲೆಯ ಗೇಟು, ಸಂಜೆ ಬಿಟ್ಟ ಮಕ್ಕಳು, ನೀಲಿ ಲಂಗದ ಹುಡುಗಿಯರ ಗುಂಪು.

"ಆ ಶಾಲೆಗಾ?" ಎಂದು ಕೇಳಿದೆ. ಹೆಬ್ಬೆರಳು ಮೇಲೆ.

ನಾನು ಏನು ಹೇಳಿದೆ ಎಂದು ನಿಮಗೆ ಈಗ ಗೊತ್ತಿರಬಹುದು. ಆ ಒಂದು ಮಾತು ಮಾತ್ರ ಹೇಳಲಿಲ್ಲ. ಪೂರ್ತಿ ಹೇಳಿದೆ. "ಆ ಶಾಲೆಗೂ ಹೋಗ್ತೇವೆ. ನಾನು ಮಾತಾಡ್ತೇನೆ." ಹೇಳುವಾಗಲೇ ನಾಲಿಗೆ ಒಣಗಿತ್ತು, ಈಗ ಬರೆಯುವಾಗಲೂ ಒಣಗುತ್ತಿದೆ. ಆ ಶಾಲೆಗೆ ಹೋಗುವುದು ನಾಡಿದ್ದು. ಬ್ರೇಕಿನಿಂದ ಶುರುಮಾಡುವುದೋ ಬೇಡವೋ ಎಂದು ಇನ್ನೂ ತೀರ್ಮಾನವಾಗಿಲ್ಲ.